ಕೆಜಾಯಾಳನ್ನು ಕೇಳಿದ ದಿನ

ಅವಳು ಒಲ್ಲೆ ಎಂದುಬಿಟ್ಟರೆ? ಈಗ ಹಾಗೆನ್ನುವ ಹಕ್ಕು ಅವಳಿಗಿದೆಯಲ್ಲ. ಎನೋಕ್ ಟೋಪಿ ಹಿಂಡುತ್ತ ಕೆಜಾಯಾಳ ಪಕ್ಕ ಚರ್ಚಿನೆದುರು ಸಾಲಿನಲ್ಲಿ ನಿಂತಿದ್ದ. ಅಮೆರಿಕದ ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋಗಿ ವರ್ಷವಾಗಿತ್ತು. ಕಾನೂನು ಇಷ್ಟು ಕಾಲ ಮದುವೆಯೆಂದೇ ಒಪ್ಪದಿದ್ದ ಸಂಸಾರಗಳನ್ನು ಈಗ ಬರೆಸಿಕೊಳ್ಳಲು ನಾರ್ತ್ ಕೆರೊಲಿನಾದ ಹೊಗೆಸೊಪ್ಪಿನ ತೋಟಗಳಿಂದ ಜೋಡಿಗಳು ಮಕ್ಕಳುಮರಿ ಸಮೇತ ಬಂದಿದ್ದವು. ಎನೋಕನಿಗೆ ಕೆಜಾಯಾಳನ್ನು ಕೊಟ್ಟವನು ತೋಟದ ಯಜಮಾನ; ವರ್ಷಗಳ ಹಿಂದೆ ಒಂದು ಭಾನುವಾರ, ಹೇಸರಗತ್ತೆಗೆ ಜೊತೆ ಕಟ್ಟಿದ ಹಾಗೆ.

"ಈತ ನಿನ್ನ ಗಂಡನೇನಮ್ಮ?" ಪಾದ್ರಿ ಕೇಳಿದರು.

"ಇವ್ನು ನನ್ನ ಕೇಳೇ ಇಲ್ವಲ್ಲ ಪಾದ್ರಿಗಳೇ!" ಎಂದಳು ಕೆಜಾಯಾ.

ಸಾಲು ಗೊಳ್ಳೆಂದಿತು. "ಐದು ಹೆತ್ತ ಮೇಲೆ ಕೇಳೋದೇನೇ?" ಹಿಂದಿದ್ದ ಮಿಲ್ಲಿಯಜ್ಜಿ ಕೂಗಿದಳು.

"ಅವತ್ತು ಯಜಮಾನ ಹೇಳ್ದ, ಬಂದೆ. ಇವತ್ತು ಇವ್ನು ಕೇಳ್ಲಿ, ಯೋಚ್ನೆ ಮಾಡ್ತೀನಿ."

ಎನೋಕ್ ಅವಳತ್ತ ತಿರುಗಿದ. "ಕೆಜಾಯಾ, ನನ್ನ ಮದ್ವೆ ಆಗ್ತೀಯಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೊರಕೆ ಹೊಡೀತಾನೆ ಪಾದ್ರಿಗಳೇ. ಜೋಳದ ರೊಟ್ಟಿ ಸೀದ್ರೆ ಮುಖ ಊದಿಸ್ಕೋತಾನೆ. ಹಾಳಾಗ್ಲಿ, ಆಗ್ತೀನಿ. ಬರ್ಕೊಳ್ಳಿ."

ಜನ ಚಪ್ಪಾಳೆ ತಟ್ಟಿದರು. ಐದು ಮಕ್ಕಳೂ ಅಪ್ಪ ಅಮ್ಮನ ಮದುವೆಗೆ ಕುಣಿದವು.

ಮನೆಯ ದಾರಿಯಲ್ಲಿ ಅವಳು ಅವನ ತೋಳು ತಿವಿದಳು. "ಹೆದ್ರಿಬಿಟ್ಟಿದ್ದೆ ಅಲ್ವೇನೋ?"

"ಹೆದ್ರಿಕೆ ಎಲ್ಲಿಂದ ಬಂತೇ? ಬಿಸಿಲಿಗೆ ಬೆವರಿದ್ದು."

ಅವಳು ಒಲ್ಲೆ ಎಂದರೆ ತಡೆಯದೆ ಕಳಿಸಿಕೊಡಬೇಕೆಂದು ಚರ್ಚಿಗೆ ಬರುವ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.