ಬಾಡಿಗೆ ಇಳಿದ ಊರು

ಬೇರೆಯಾಗುವುದೆಂದು ಗಂಡ ಹೆಂಡತಿ ಇಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡರು. ಒಪ್ಪಿದ ಮೇಲೆ ತಿಳಿಯಿತು, ಬೇರೆಯಾಗಿ ಹೋಗಲು ಜಾಗವೇ ಇಲ್ಲವೆಂದು.

ಅವನು ಮನೆಗಳಿಗೆ ಬಣ್ಣ ಹೊಡೆಯುವವನು. ಅವಳು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಅಂಗಡಿಯಲ್ಲಿ ಮೇಣ ತೀಡುವವಳು. ರಜೆ ಸಿಕ್ಕಾಗಲೆಲ್ಲ ಕೋಣೆ ಹುಡುಕಿ ಅಲೆದಳು. ಊರಿನ ದಕ್ಷಿಣಕ್ಕೆ ಒಂದು ಕೋಣೆಗೆ ಅವಳ ಇಡೀ ಸಂಬಳ ಕೇಳಿದರು. ಬಂದರಿನ ಕಡೆ ಅದಕ್ಕೂ ಹೆಚ್ಚು. ಅಗ್ಗವೆಂದು ಹೆಸರಾದ ರೈಲು ಹಳಿಯಾಚೆಯ ಓಣಿಯಲ್ಲೂ ಕಿಟಕಿಯಿಲ್ಲದ ಗೂಡಿಗೆ ಜನ ಸಾಲುಗಟ್ಟಿ ನಿಂತಿದ್ದರು. ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಸಿಗೋವರೆಗೂ ಇಲ್ಲೇ ಇರ್ತೀನಿ. ಬಾಡಿಗೆ ಅರ್ಧರ್ಧ," ಎಂದಳು.

ಅವನು ಬಟ್ಟೆಯ ಬೀರುವನ್ನು ತಳ್ಳಿ ನಡುಮನೆಗೆ ಅಡ್ಡ ನಿಲ್ಲಿಸಿದ. ಒಳಗಿನ ಭಾಗ ಅವಳಿಗೆ, ಬಾಗಿಲ ಕಡೆಯದು ಅವನಿಗೆ. ಒಲೆ ಬೆಳಿಗ್ಗೆ ಅವಳದು, ಸಂಜೆ ಅವನದು.

ಮನಸ್ಸು ಮುರಿದದ್ದು ಅವಳ ಅಪ್ಪನ ವಿಷಯಕ್ಕೆ. ಕಾಯಿಲೆ ಬಿದ್ದ ಮುದುಕನನ್ನು ಕರೆತಂದು ಇಟ್ಟುಕೊಳ್ಳೋಣವೆಂದು ಅವಳು ಕೇಳಿದಾಗ, "ಮನೆ ಚಿಕ್ಕದು. ಎಲ್ಲಿ ಮಲಗಿಸ್ತೀಯಾ?" ಎಂದುಬಿಟ್ಟಿದ್ದ. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ದಿನವಿಡೀ ಏಣಿಯ ಮೇಲೆ ನಿಂತು ಬಂದ ದಣಿವಿನಲ್ಲಿ ಬಾಯಿಗೆ ಬಂದದ್ದು. ನಿಧಾನಕ್ಕೆ ಯೋಚಿಸಿದರಾಯಿತು ಅಂದುಕೊಂಡಿದ್ದ. ಅಷ್ಟರಲ್ಲಿ ಮುದುಕ ಎಲ್ಲೋ ಬಾಡಿಗೆ ಕೋಣೆಯಲ್ಲಿ ಒಬ್ಬನೇ ತೀರಿಕೊಂಡ. ಅಂದಿನಿಂದ ಅವಳು ಗಂಡನನ್ನು 'ನೀನು' ಅನ್ನುವುದು ಬಿಟ್ಟು 'ನೀವು' ಅನ್ನತೊಡಗಿದಳು. ಈಗ ಬೀರು ಅಡ್ಡ ನಿಂತ ಮೇಲೆ ಅವನಿಗೆ ಕಂಡಿತು, ಇದೇ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಬೇಕಾದಷ್ಟು ಜಾಗವಿತ್ತು.

ಮೂರು ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಒಂದು ನಕ್ಷೆ ಬರುತ್ತಿತ್ತು. ಮನೆ ಬಾಡಿಗೆ ಏರಿದ ಪ್ರಾಂತ್ಯ ಕೆಂಪು, ಇಳಿದದ್ದು ಹಸಿರು. ಮೊದಮೊದಲು ಅವನು ಅವಳಿಗಾಗಿ ಹಸಿರು ಹುಡುಕುತ್ತಿದ್ದ. ಬರಬರುತ್ತ ನಕ್ಷೆಯೆಲ್ಲ ಕೆಂಪಾಗಿದ್ದರೆ ಅವನ ಎದೆ ಹಗುರಾಗುತ್ತಿತ್ತು, ಕೈ ಚುರುಕಾಗುತ್ತಿತ್ತು.

"ಬಾಡಿಗೆ ಏರ್ತು ಅಂತ ಊರಿಗೂರೇ ತಲೆ ಮೇಲೆ ಕೈ ಹೊತ್ತು ಕೂತಿದೆ, ನೀನೊಬ್ಬ ಸೀಟಿ ಹೊಡೀತಿದೀಯಲ್ಲೋ," ಎಂದ ಬಣ್ಣದ ಕೆಲಸದ ಮೇಸ್ತ್ರಿ. "ಗುಟ್ಟಾಗಿ ಬಂಗಲೆ ಗಿಂಗಲೆ ಕಟ್ಸಿದೀಯಾ?"

"ಹೂಂ. ಬಣ್ಣ ಹೊಡಿಯೋಕೆ ನಿನ್ನೇ ಕರೀತೀನಿ," ಎಂದು ಅವನು ಮುಖ ತಿರುಗಿಸಿಕೊಂಡ.

ಚಳಿಗಾಲದಲ್ಲಿ ಅವಳು ಜ್ವರ ಬಂದು ಮಲಗಿದಳು. ಅವನು ಕೆಲಸ ಬಿಟ್ಟು ಬೀರುವಿನಾಚೆ ಹೋಗಿ ಕೂತು, ಹಣೆಗೆ ಒದ್ದೆ ಬಟ್ಟೆ ಹಾಕಿದ, ಗುಟುಕು ಗುಟುಕಾಗಿ ನೀರು ಕುಡಿಸಿದ. ಮಂಪರಿನಲ್ಲಿ ಅವಳು, "ನೀನು ಊಟ ಮಾಡಿದ್ಯಾ?" ಎಂದಳು. ಅವನು ಎದ್ದು ಹೋಗಿ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡ.

ಗುಣವಾದ ಮೇಲೂ ಅವಳು ಸಂಜೆ ಅವನ ಜೊತೆಗೇ ಊಟಕ್ಕೆ ಕೂರತೊಡಗಿದಳು. ಒಂದು ದಿನ ತುತ್ತು ಕೈಯಲ್ಲೇ ಹಿಡಿದು ನಕ್ಕಳು. "ಇಬ್ರು ತಾತಂದಿರ ಹಲ್ಲಿನ ಸೆಟ್ಟು ಅದಲುಬದಲಾಗಿ ಹೋಗಿತ್ತು. ಕರೆದು ಕೇಳಿದ್ರೆ ಇಬ್ರೂ, 'ಇಷ್ಟು ಸರಿಯಾಗಿ ಯಾವತ್ತೂ ಕೂತಿರ್ಲಿಲ್ಲ, ವಾಪಸ್ ಕೊಡಲ್ಲ' ಅಂತಾರೆ." ಅವನೂ ನಕ್ಕ. ಬೀರುವನ್ನು ಮತ್ತೆ ಗೋಡೆಗೆ ಸರಿಸಬಹುದೇನೋ, ಕೇಳಿ ನೋಡೋಣವೆಂದು ಅವನಿಗನಿಸಿತು. ಆದರೆ ಕೇಳಲಿಲ್ಲ.

ಮುಂದಿನ ನಕ್ಷೆಯಲ್ಲಿ ಉತ್ತರದ ಮೂಲೆ ಹಸಿರಾಗಿತ್ತು. ಅಲ್ಲಿನ ಗಿರಣಿ ಮುಚ್ಚಿ, ಕೆಲಸದವರೆಲ್ಲ ಗುಳೆ ಹೋಗಿ, ಮನೆಗಳು ಖಾಲಿ ಬಿದ್ದಿದ್ದವು. ಅವನು ಆ ಹಾಳೆಯನ್ನು ಕೆಲಸದ ಮನೆಯ ನೆಲಕ್ಕೆ ಹಾಸಿ, ಅದರ ಮೇಲೆ ಏಣಿ ಇಟ್ಟು ಹತ್ತಿದ. ಸಂಜೆಯ ಹೊತ್ತಿಗೆ ಹಾಳೆ ಸುಣ್ಣದ ಹನಿಗಳಲ್ಲಿ ಮುಚ್ಚಿಹೋಗಿತ್ತು.

ಮನೆಗೆ ಬಂದರೆ ಅವಳೇ ಮಾತು ತೆಗೆದಳು. "ಉತ್ತರದಲ್ಲಿ ಗಿರಣಿ ಮುಚ್ಚಿದ ಊರಿದೆಯಲ್ಲ, ಅಲ್ಲೊಂದು ಕೋಣೆ ಸಿಕ್ತು. ಅಲ್ಲಿನ ಡಾಕ್ಟ್ರೊಬ್ರು ಕೆಲಸಾನೂ ಕೊಡ್ತಾರಂತೆ. ಒಪ್ಕೊಂಡೆ."

ಅವನು ಕೈ ತೊಳೆಯುತ್ತಲೇ ಇದ್ದ. ಆಮೇಲೆ, "ಬೀರು ತೆಗೆದುಬಿಡೋಣ ಅಂತಿದ್ದೆ," ಎಂದ.

"ನಂಗೂ ಒಂದೆರಡು ಸಲ ಹಾಗನ್ನಿಸ್ತು," ಎಂದಳು ಅವಳು. "ಆದ್ರೆ ಒಲೆ ಮುಂದೆ ನಿಂತ್ರೆ ಆ ಮೂಲೆ ಕಣ್ಣಿಗೆ ಬೀಳುತ್ತೆ. ಅಪ್ಪನ ಹಾಸಿಗೆ ಅಲ್ಲಿ ಹಾಸಬಹುದಿತ್ತು ಅನ್ಸುತ್ತೆ. ದಿನಾ ಅನ್ಸುತ್ತೆ. ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಾಗಿದ್ದಿದ್ರೆ ಇಷ್ಟೊತ್ತಿಗೆ ಇಳೀತಿತ್ತು."

ನಲ್ಲಿ ನಿಲ್ಲಿಸಿ ಅವನು ಕೇಳಿದ, "ಕೋಣೆಗೆ ಬಣ್ಣ ಆಗಿದೆಯಾ?"

"ಇಲ್ಲ. ಗೋಡೆಯೆಲ್ಲ ಮಸಿ ಹಿಡಿದಿದೆಯಂತೆ."

"ನಾನು ಬಂದು ಹೊಡೆದುಕೊಡ್ತೀನಿ."

ಅವಳು ಬೇಡವೆನ್ನಲಿಲ್ಲ.

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅವನು ಮಸಿ ಉಜ್ಜಿ, ಬಿರುಕಿಗೆ ಗಾರೆ ತುಂಬಿ, ತಿಳಿ ಹಳದಿ ಬಳಿದ. ಎರಡನೆಯ ಕೋಟು ಒಣಗುವ ಹೊತ್ತಿಗೆ ಅವಳ ಪಾತ್ರೆಗಳು ಜೋಡಣೆಯಾಗಿದ್ದವು. ಅವನು ಮತ್ತೆ ಡಬ್ಬದ ಮುಚ್ಚಳ ತೆಗೆದ.

"ಎರಡು ಕೋಟು ಸಾಕಲ್ವಾ?"

"ಈ ಗೋಡೆ ಬಣ್ಣ ಕುಡಿಯೋ ಗೋಡೆ."

ಸುಳ್ಳೆಂದು ಅವಳಿಗೆ ಗೊತ್ತಾಯಿತು. ಆದರೂ ಏಣಿ ಹಿಡಿದುಕೊಂಡು ನಿಂತಳು. ಮೂರನೆಯ ಕೋಟೂ ಮುಗಿಯಿತು. ಅವನು ಕುಂಚ ತೊಳೆದು, ಕಿಟಕಿಯಾಚೆ ನೋಡುತ್ತ, "ಎದುರುಗಡೆ ಮನೆಗೂ ಬಾಡಿಗೆ ಬೋರ್ಡಿದೆ," ಎಂದ.

"ನೋಡಿದೆ," ಎಂದಳು. ಆಮೇಲೆ ಬಹಳ ಮೆಲ್ಲಗೆ, "ಬೇಡ," ಎಂದಳು.

ಒಬ್ಬನ ದುಡಿಮೆಗೆ ಹಳೆಯ ಮನೆ ನಿಲುಕುವಂತಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಅವನು ಅದನ್ನು ಬಿಟ್ಟು, ಮೇಸ್ತ್ರಿ ಬಣ್ಣದ ಡಬ್ಬ ಇಡುತ್ತಿದ್ದ ಕೊಟ್ಟಿಗೆಯಲ್ಲಿ ಮಲಗತೊಡಗಿದ. ಸುಮಾರು ದಿನ ಕಳೆದ ಮೇಲೆ, ಒಂದು ಮನೆಯ ಗೋಡೆ ಬಳಿಯುತ್ತಿದ್ದಾಗ ಮೇಸ್ತ್ರಿ, "ಅವಳು ಹೇಗಿದಾಳೋ?" ಎಂದು ಕೇಳಿದ.

"ಒಳ್ಳೆ ಕೋಣೆ. ದೊಡ್ಡ ಕಿಟಕಿ. ಬೆಳಗ್ಗೆ ಬಿಸಿಲು ನೇರ ಒಳಗೇ ಬರುತ್ತೆ," ಎಂದು ಅವನು ಹೇಳತೊಡಗಿದ. ಹೇಳುತ್ತ ಬಳಿದ ಜಾಗವನ್ನೇ ಮತ್ತೆ ಮತ್ತೆ ಬಳಿಯುತ್ತಿದ್ದ. ಮೇಸ್ತ್ರಿ ಅವನ ಕೈಯಿಂದ ಕುಂಚ ತೆಗೆದುಕೊಂಡು, ಉಳಿದ ಗೋಡೆಯನ್ನು ತಾನೇ ಬಳಿಯತೊಡಗಿದ.