ಮುಂದಿನ ನಾಲ್ಕು ಹಲ್ಲು

ನಾಲಿಗೆ ಸುಮ್ಮನಿರುತ್ತಿಲ್ಲ, ಮತ್ತೆ ಮತ್ತೆ ಮುಂದೆ ಹೋಗಿ ಹೊಸ ಹಲ್ಲು ಮುಟ್ಟಿ ಬರುತ್ತದೆ, ಹೊಸ ಸೊಸೆ ಬಂದ ಮನೆಯ ಮುಂದೆ ಓಣಿಯ ಹೆಂಗಸರು ಏನೋ ನೆವ ಮಾಡಿಕೊಂಡು ಹಾಯುವ ಹಾಗೆ — ನುಣ್ಣಗಿದೆ, ತಣ್ಣಗಿದೆ, ನನ್ನದಲ್ಲ, ಆದರೆ ಇದೆ, ಬಸ್ಸು ತಗ್ಗಿಗೆ ಇಳಿದಾಗೊಮ್ಮೆ ಅಂಗುಳಿಗೆ ಅಂಟಿದ ಪಟ್ಟಿ ಒಂಚೂರು ಅಲುಗಿ ಮತ್ತೆ ಕೂಡುತ್ತದೆ, ಬಾಯಿ ತುಂಬ ನೀರು, ನುಂಗಿದಷ್ಟೂ ಬರುತ್ತದೆ, ಸ್ವಲ್ಪ ದಿನ ಹಂಗ ಇರತೈತ್ರಿ, ಬಾಯಿ ಅದನ್ನ ತಿನ್ನೂ ಪದಾರ್ಥ ಅಂತ ತಿಳಕೊಂಡಿರತೈತಿ ಎಂದು ನಕ್ಕರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ಆಮೇಲೆ ಕನ್ನಡಿ ಕೈಗೆ ಕೊಟ್ಟು, ಈಗ ನಿಮ್ಮ ಹೆಸರು ಹೇಳ್ರಿ ನೋಡೂಣು ಎಂದರು, ಮೊದಲ ಸಲ ಇದೇ ಕುರ್ಚಿಯಲ್ಲಿ ಕೂತು ಬಥವಣ್ಣೆವ್ವ ಎಂದಿದ್ದೆ, ಚೀಟಿ ಬರೆಯುವಾಕೆ ಏನ್ರೀ, ಏನ್ರೀ ಎಂದು ಕೇಳಿ ಕೇಳಿ ಕಡೆಗೆ ಇವರ ಮುಖ ನೋಡಿದ್ದಳು, ನನ್ನ ಹೆಸರನ್ನು ನನ್ನ ಗಂಡ ಹೇಳಬೇಕಾಯಿತು, ಇಷ್ಟು ವರ್ಷ ಸಾಲಿಯಲ್ಲಿ ಮಕ್ಕಳ ಹಾಜರಿ ಕೂಗಿದವಳ ಹೆಸರನ್ನು — ಇವತ್ತು ಬಸವಣ್ಣೆವ್ವ ಎಂದೆ, ಸ ಬಂತು, ಸಣ್ಣಗೆ ಸಿಳ್ಳು ಹೊಡೆಯಿತು, ಆದರೆ ಬಂತು, ಇವರು ಬಾಗಿಲಲ್ಲಿ ನಿಂತಿದ್ದವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು, ಖುಷಿಯಾದಾಗ ಹಾಗೆ ಮಾಡುತ್ತಾರೆ. ಸಂತಿ, ಸೂಜಿ, ಸಾಸಿವಿ, ಒಳಗೊಳಗೇ ಅನ್ನುತ್ತೇನೆ, ಸಿಳ್ಳು ಕಡಿಮೆಯಾಗುತ್ತಿದೆ, ಪಕ್ಕದಲ್ಲಿ ಇವರು ನೀರಿನ ಕ್ಯಾನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದಾರೆ, ಕಿಟಕಿಯಾಚೆ ಹತ್ತಿ ಬಿಡಿಸಿ ಮುಗಿದ ಹೊಲ, ಗಿಡದ ತುದಿಗೆ ಉಳಿದ ಚೂರುಪಾರು ಅರಳೆ, ಬಿಸಿಲು ಹಿತವಾಗಿದೆ.

ಹ್ಯಾಂಡಲ್ಲು ಮೇಲೆದ್ದದ್ದು ನಾನು ನೋಡಲೇ ಇಲ್ಲ. ದೀಪಾವಳಿ ಸೂಟಿ ಮುಗಿದು ಸಾಲಿ ತೆರೆದ ವಾರ, ನಮ್ಮ ಓಣಿಯ ಬೋರಿಗೆ ಕೊಡ ಹಚ್ಚಿ ಹೊಡೆಯುತ್ತಿದ್ದೆ, ಬೋಲ್ಟು ಸವೆದದ್ದು ಯಾರಿಗೆ ಗೊತ್ತು, ಒತ್ತಿದ ಹ್ಯಾಂಡಲ್ಲು ಕೈ ಜಾರಿ ಚಿಮ್ಮಿ ಬಂದು ಬಾಯಿಗೇ ಬಡಿಯಿತು, ರಕ್ತ, ಮಣ್ಣು, ಮಣ್ಣಿನಲ್ಲಿ ಬೆಳ್ಳಗೆ ನನ್ನ ಮುಂದಿನ ನಾಲ್ಕು ಹಲ್ಲು, ಅತ್ತ ಕೊಡದೊಳಗೆ ನೀರು ಇನ್ನೂ ಬೀಳುತ್ತಲೇ ಇತ್ತು — ಆ ಬೋರಿನ ಮೇಲೆ ಸಿಟ್ಟಾದರೂ ಹೇಗೆ ಮಾಡಲಿ, ನಮ್ಮವ್ವ ಊರಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು ಯಾರಾದರೂ ಸೇದಿ ಹಾಕಲಿ ಎಂದು ಹೊತ್ತೇರುವ ತನಕ ನಿಂತವಳು, ನಮ್ಮ ಓಣಿಗೇ ಬೋರು ಬಂದ ದಿನ ನಾನೇ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದೆ. ಸಾಲಿಗೆ ಹೋಗಲು ಅಂಜಿಕೆಯಾಗಿತ್ತು, ಸೆರಗು ಬಾಯಿಗೆ ಹಿಡಿದೇ ಹೋದೆ, ಆದರೆ ನನ್ನ ಒಂದನೇ ಇಯತ್ತೆ ಅಂಜಲಿಲ್ಲ, ನಗಲೂ ಇಲ್ಲ, ಅರ್ಧ ಮಕ್ಕಳ ಮುಂದಿನ ಹಲ್ಲೂ ಬಿದ್ದಿದ್ದವಲ್ಲ, ಮಲಿಕಾಬಿಯ ಮಗಳು ಖಾಸಿಂಬಿ ಎದ್ದು ನಿಂತು, ಅಕ್ಕೋರ, ಶೆಗಣ್ಯಾಗ ಸುತ್ತಿ ಮಾಳಗಿ ಮ್ಯಾಲ ಒಗೀರ್ರಿ, ಬರ್ತಾವ, ನಾನೂ ನಿನ್ನೆ ಒಗದೇನಿ, ಯಾರ್ದು ಮೊದಲ ಬರ್ತಾವ ನೋಡೂಣು ಎಂದಳು, ಹೂಂ ಎಂದೆ. ಆ ಸಮಾಧಾನ ಅಲ್ಲಿಗೇ ಮುಗಿಯಿತು, ಏಕೆಂದರೆ ನಾನು ಸರ ಎಂದರೆ ಥರ, ಮಕ್ಕಳೆಲ್ಲ ಒಂದೇ ದನಿಯಲ್ಲಿ ಥರ, ಬಸವ ಎಂದರೆ ಬಥವ, ಮಲಿಕಾಬಿ ಸಾಲಿಯ ಬಾಗಿಲಿಗೆ ಬಂದು, ಅಕ್ಕೋರ, ಬ್ಯಾಸರ ಮಾಡಕೋಬ್ಯಾಡ್ರಿ, ನಮ್ಮ ಹುಡುಗಿ ಸಕ್ಕರಿಗೆ ಥಕ್ಕರಿ ಅಂತಾಳ, ಹಲ್ಲಿಲ್ಲದ್ದಕ್ಕೋ ನೀವು ಕಲಿಸಿದ್ದಕ್ಕೋ ಒಂದೂ ತಿಳೀವಲ್ತು ಎಂದಳು, ಹೆಡ್ ಮಾಸ್ತರರು ಸೌಮ್ಯವಾಗಿಯೇ, ನೀವು ನಾಕನೇ ಇಯತ್ತಾ ತಗೋರಿ ಅಕ್ಕೋರ, ಅಲ್ಲಿ ಬರಿಯೂದ ಹೆಚ್ಚು, ಮಾತು ಕಡಿಮಿ ಎಂದರು, ಒಳ್ಳೆಯದಕ್ಕೇ ಅಂದದ್ದು, ಆದರೂ ಆ ದಿನ ರೊಟ್ಟಿಯ ಗಂಟು ಬಿಚ್ಚದೆ ಹಾಗೇ ಮನೆಗೆ ತಂದೆ, ಈ ಊರಿನ ಎಷ್ಟು ಮಂದಿಯ ಮೊದಲ ಅಕ್ಷರ ನನ್ನ ಬಾಯಿಂದ ಹೋಗಿದೆ, ಒಂದನೇ ಇಯತ್ತೆ ಬಿಟ್ಟರೆ ನನಗೆ ಸಾಲಿ ಯಾಕೆ. ಡಾಕ್ಟರು ಎರಡು ದಾರಿ ಹೇಳಿದರು, ಒಂದು ಪಟ್ಟಿಹಲ್ಲು, ಅಳತಿ ತಗೊಂಡು ಮಾಡಿಸಿ ಕೊಡ್ತೇನಿ, ಹಗಲು ಹಾಕ್ಕೋರಿ, ಮಲಗೂಮುಂದ ತಗದು ನೀರಾಗ ಇಡ್ರಿ, ಇನ್ನೊಂದು ಈಗೀಗ ಮುಂಬೈಯಾಗ ಸುರು ಆಗೇತಿ, ದವಡಿ ಎಲುಬಿಗೆ ತೂತು ಕೊರದು ಲೋಹದ ಮೊಳಿ ಕೂಡಸ್ತಾರ, ಎಲುಬು ಮೊಳಿ ಹಿಡಕೊಂಡ ಮ್ಯಾಲ ಅದರ ಮ್ಯಾಲ ಹಲ್ಲು, ಹಿಡೀತಂದ್ರ ತಗಿಯೂ ಮಾತಿಲ್ಲ, ಹಿಡೀಲಿಲ್ಲಂದ್ರ ಮೊಳಿ ಕೀಳಬೇಕು, ಅಲ್ಲೀತನಕ ತಿಂಗಳಗಟ್ಟಲೆ ಬಾಯಿ ಖಾಲಿ. ಮುಂಬೈಗೇ ಹೋಗೂಣು ಎಂದರು ಇವರು ಬಸ್ ಸ್ಟ್ಯಾಂಡಿನಲ್ಲಿ, ತಗದು ಇಡೂ ಹಲ್ಲು ಎಂಥಾ ಹಲ್ಲು, ಈ ಸಲ ಹತ್ತಿ ಚೊಲೊ ಬಂದೈತಿ, ನೀ ನಕ್ಕು ಎಷ್ಟ ದಿನಾ ಆತು ಗೊತ್ತೈತೇನ — ನನಗೂ ಮುಂಬೈಯೇ ಬೇಕಿತ್ತು, ಕಾರಣ ಯಾರಿಗೂ ಹೇಳಲಿಲ್ಲ, ಮಲಗುವ ಮುಂದೆ ಹಲ್ಲು ತೆಗೆದರೆ ಇವರು ನೋಡುತ್ತಾರೆ, ಕೌದಿ ಹೊಲಿಯುವಾಗ ನಾನು ಹಲ್ಲಿನಿಂದ ದಾರ ಕಡಿಯುವುದನ್ನು ನೋಡುತ್ತಾ, ಇಕೀಗಿ ಕತ್ರಿ ಯಾಕ ಎಂದು ನಗುತ್ತಿದ್ದವರು, ನನ್ನ ಬೋಳು ವಸಡು ನೋಡಬೇಕು, ದಿನಾ, ಸಾಯುವ ತನಕ. ಅತ್ತೆ ಮರೆವ್ವ ಎಲೆಅಡಿಕೆ ಕುಟ್ಟುತ್ತಾ, ಒಂದೂ ಹಲ್ಲಿಲ್ಲದನ ಊರಿಗೆಲ್ಲಾ ಬೈದು ಬಾಳೇ ಮಾಡೇನಿ, ನಿಮಗ್ಯಾಕ ಇಷ್ಟು ಚಿಂತಿ ಬೇ ಎಂದಳು, ನಗು ಬಂತು, ಸೆರಗಿನೊಳಗೇ ನಕ್ಕೆ. ನಿರ್ಧಾರವಾದದ್ದು ಮನೆಯಲ್ಲಲ್ಲ, ಸಾಲಿಯಲ್ಲಿ, ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಸ ಬರೆದೆ, ತಿರುಗಿ ನಿಂತೆ, ಬಾಯಿ ತೆರೆಯಲಾಗಲಿಲ್ಲ, ಮಕ್ಕಳು ನಾನು ಏನೆನ್ನುತ್ತೇನೆಂದು ಅರೆಬಾಯಿ ತೆರೆದುಕೊಂಡು ಕಾಯುತ್ತಿದ್ದವು, ನಾನು ಏನೆಂದರೂ ಹಾಗೇ ಅನ್ನಲು ತಯಾರಾಗಿ, ಅಷ್ಟು ನಂಬಿ. ಮನೆಗೆ ಬಂದು ಹೇಳಿದೆ, ಮೊಳಿ ಹಿಡೀಲಿ ಬಿಡಲಿ, ಅಲ್ಲೀತನಕ ಈ ಹುಡುಗೂರು ಥ ಅನಕೋತ ಎರಡನೇ ಇಯತ್ತಾಕ್ಕ ಹೋಗಿರತಾವ, ನನಗ ಪಟ್ಟಿ ಥಾಕು. ಇವರು ಉಂಡು ಕೈ ತೊಳೆದು, ಬಾಯಿ ನಿಂದು, ನೀ ಹೇಳಿದ್ದ ಖರೆ ಎಂದರು.

ಮಿಶ್ರಿಕೋಟಿ, ಬಸ್ಸು ನಿಂತಿತು, ಕಂಡಕ್ಟರ್ ಒಳಗ ಸರೀರ್ರಿ, ಒಳಗ ಎನ್ನುತ್ತಾನೆ, ಗಂಟು ಹಿಡಿದು ಹತ್ತುವವಳು ಮಲಿಕಾಬಿಯೇ, ತವರಿನಿಂದ ಬರುತ್ತಿದ್ದಾಳೆ, ಹಿಂದೆ ಖಾಸಿಂಬಿ, ನಮಸ್ಕಾರ್ರಿ ಅಕ್ಕೋರ ಎಂದು ನನ್ನ ಸೀಟಿನ ಕಂಬಿಗೆ ಜೋತುಬಿದ್ದವಳು ನನ್ನ ಬಾಯನ್ನೇ ನೋಡಿದಳು, ಕಣ್ಣು ದೊಡ್ಡವಾದವು, ಅಕ್ಕೋರ, ನಿಮ್ಮವು ಬಂದೂವು — ಇಡೀ ಬಸ್ಸಿಗೆ ಕೇಳುವ ಹಾಗೆ, ಮರುಕ್ಷಣವೇ ಮುಖ ಇಳಿಯಿತು, ನಾನ ಮೊದಲ ಒಗದಿದ್ದೆ, ನಂದು ಬರೂದ ಇಲ್ಲೇನ್ರಿ, ಮಲಿಕಾಬಿ ಬೆನ್ನಿಗೆ ಒಂದು ತಟ್ಟಿ, ಸುಮ್ನಿರ ಬೇ, ಅಕ್ಕೋರಿಗೆ ಹಂಗ ಕೇಳತಾರೇನ ಎಂದಳು, ಹುಡುಗಿಯ ಗದ್ದ ನಡುಗುತ್ತಿದೆ, ಈಗ ಅಳುತ್ತಾಳೆ, ಇಷ್ಟು ದಿನ ದಿನಾ ಬೆಳಿಗ್ಗೆ ನನ್ನ ಬಾಯಿ ತನ್ನ ಬಾಯಿ ಎರಡೂ ತಪಾಸು ಮಾಡಿದವಳು — ನನ್ನ ಕೈ ತಾನೇ ಬಾಯಿಗೆ ಹೋಯಿತು, ಡಾಕ್ಟರು ತೋರಿಸಿದ ಹಾಗೆ ಬೆರಳು ಒಳಗೆ ಒತ್ತಿದೆ, ಪಟ್ಟಿ ಕಳಚಿ ಅಂಗೈಯಲ್ಲಿ ಬಂತು, ಗುಲಾಬಿ ಅಂಗುಳು, ಬಿಳಿ ಹಲ್ಲು, ನೋಡ ಇಲ್ಲೆ, ಇವು ಬಂದವಲ್ಲ, ಮಾಡಿಥಿದ್ದು, ಬರೂದು ಖರೇ ಹಲ್ಲು, ಅವು ನಿನಗ ಬರ್ತಾವ, ನೀನ ಗೆದ್ದಿ ಎಂದೆ, ಅಂದ ಮೇಲೆ ಗೊತ್ತಾಯಿತು, ಪಕ್ಕದಲ್ಲಿ ಇವರು ಕಣ್ಣು ತೆರೆದಿದ್ದಾರೆ. ದೀಪ ಸಣ್ಣದು ಮಾಡಿ, ಅಡಿಗೆಮನೆಯ ಹಿಂದೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ತೆಗೆಯಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆನಲ್ಲ, ಹಾಡಹಗಲಲ್ಲಿ, ತುಂಬಿದ ಬಸ್ಸಿನಲ್ಲಿ — ಇವರು ಅಂಗೈ ನೋಡಲಿಲ್ಲ, ನನ್ನ ಬಾಯಿ ನೋಡಿದರು, ಬೀಜ ಹಾಕುವ ಮುಂದೆ ಹೊಲ ನೋಡುವ ಹಾಗೆ ಸಾವಕಾಶ ನೋಡಿದರು, ಕ್ಯಾನಿನ ಮುಚ್ಚಳ ತಿರುಗಿಸಿ, ಧೂಳ ಕುಂಡ್ರತೈತಿ, ಕಿಡಕಿ ಹೊರಗ ಹಿಡಿ, ನೀರ ಹಾಕ್ತೇನಿ, ತೊಳದು ಹಾಕ್ಕೋ ಎಂದರು, ಇಷ್ಟೇ, ಇಷ್ಟೇ ಇತ್ತು, ನೀರು ಬೆರಳ ಸಂದಿಯಿಂದ ಗಾಳಿಗೆ ಹಾರಿ ಹಿಂದಿನ ಸೀಟಿನ ಮುದುಕನ ಮೋರೆಗೆ ಸಿಡಿಯಿತು, ಅಂವ ಏ ಏ ಎಂದ, ನನಗೆ ನಗು ಬಂತು, ಸೆರಗು ಎತ್ತಲು ಕೈ ಖಾಲಿ ಇಲ್ಲ, ನಕ್ಕೆ, ಬೋಳು ಬಾಯಲ್ಲೇ, ಗಾಳಿ ತಣ್ಣಗೆ ಒಳಗೆ ಹೋಗುವಷ್ಟು, ಇವರು ಟೊಪ್ಪಿಗೆ ತೆಗೆದರು, ಖಾಸಿಂಬಿಯೂ ಕಣ್ಣೀರಲ್ಲೇ ನಕ್ಕು, ಹಂಗಾರ ನಂದು ನೋಡ್ರಿ, ಬಂದಾವೇನ ನೋಡ್ರಿ ಎಂದು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಅಗಲ ತೆರೆದಳು, ಬಿಸಿಲು ನೇರ ಅವಳ ಬಾಯೊಳಗೆ ಬಿತ್ತು, ಬಗ್ಗಿದೆ, ಏನೂ ಇಲ್ಲ, ಕೆಂಪು ವಸಡು, ಅಂಗುಳು, ಬಸ್ಸು ಅಲುಗಿತು, ಗಲ್ಲ ಹಿಡಿದೆ, ಬಲಕ್ಕೆ, ವಸಡು ತುಸು ಉಬ್ಬಿದಲ್ಲಿ, ಸೂಜಿ ಗೀರಿದಂಥ ಸೀಳು, ಸೀಳಿನೊಳಗೆ ಬಿಳಿ, ಅಕ್ಕಿನುಚ್ಚಿನಷ್ಟು, ಇವರಿಗೆ ನೋಡಿರಿ ಎನ್ನಬೇಕು, ಮಲಿಕಾಬಿಗೆ ಹೇಳಬೇಕು, ಸೀಳಿನೊಳಗೆ ಬಿಳಿ, ಒದ್ದೆಯಾಗಿ, ಹೊಳೆಯುತ್ತ, ಅಕ್ಕಿನುಚ್ಚಿನಷ್ಟು ಬಿಳಿ —