ಬಸವಣ್ಣನ ಎಡಗಿವಿ

ಸತ್ತ ದನದ ಎಲುಬು ಕೊರೆದು ಬದುಕುವ ನೌಕರಿಯೂ ಒಂದಿದೆ ಎಂದರೆ ಯರಗುಪ್ಪಿಯವರು ಮೊದಮೊದಲು ನಂಬಲೇ ಇಲ್ಲ. ದನದ ಡಾಕ್ಟರ್ ಆಗಲು ಹೋದ ಹುಡುಗಿ ಬದುಕಿದ ದನ ಬಿಟ್ಟು ಸತ್ತವುಗಳ ಬೆನ್ನು ಹತ್ತಿದ್ದಳು. ಅವೂ ನಿನ್ನೆ ಮೊನ್ನೆ ಸತ್ತವಲ್ಲ, ಸಾವಿರಾರು ವರ್ಷಗಳ ಕೆಳಗೆ ಸತ್ತು ಕುಲವೇ ನಿರ್ವಂಶವಾಗಿ ಹೋದವು. “ಅದಕ್ಕ ಪಗಾರ ಯಾರ ಕೊಡ್ತಾರ ಬೇ ತಂಗಿ?” ಎಂದು ಅಗಸಿಕಟ್ಟೆಯ ಕುಬೇರಪ್ಪ ಕೇಳಿದಾಗ ರೋಹಿಣಿ ನಕ್ಕಿದ್ದಳು. ಆಗಿನ ನಗೆಯೇ ಬೇರೆ. ಈಗ ಐವತ್ತರ ಹತ್ತಿರ ಬಂದು, ಪುಣೆಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಊರ ದಾರಿ ಹಿಡಿದವಳ ಮುಖ ನೋಡಿದ್ದರೆ ಕುಬೇರಪ್ಪನೂ ಪಗಾರದ ಮಾತೆತ್ತುತ್ತಿರಲಿಲ್ಲ.

ಆ ವಿದ್ಯೆ ಅವಳು ಕಲಿತದ್ದು ಹೊರದೇಶದಲ್ಲಿ, ಹಿಮದಲ್ಲಿ ಹೂತುಹೋಗಿದ್ದ ಕೂದಲಾನೆಗಳ ಮೇಲೆ. ಚಳಿಯಲ್ಲಿ ಎಲುಬು ಬೇಗ ಕೆಡುವುದಿಲ್ಲ. ಒಳಗಿನ ಡಿಎನ್‌ಎ, ಅಂದರೆ ಆ ಪ್ರಾಣಿ ಯಾವ ಕುಲದ್ದು, ಯಾರ ಸಂಬಂಧಿ ಎಂದು ಹೇಳುವ ಎಳೆ, ತುಂಡುತುಂಡಾಗಿಯಾದರೂ ಉಳಿದಿರುತ್ತದೆ. ಅಲ್ಲಿಯೇ ಇದ್ದಿದ್ದರೆ ಇಷ್ಟೊತ್ತಿಗೆ ದೊಡ್ಡ ಹೆಸರು ಮಾಡಿರುತ್ತಿದ್ದಳು. ಆದರೆ ಹಟಮಾರಿ ಹೆಣ್ಣು, ನಮ್ಮ ಮಣ್ಣಿನ ಪ್ರಾಣಿಯೇ ಬೇಕು ಎಂದು ವಾಪಸು ಬಂದಳು. ಅವಳಿಗೆ ಬೇಕಾಗಿದ್ದುದು ನಮ್ಮ ಎತ್ತುಗಳ ಮೂಲಪುರುಷ: ಒಂದು ಕಾಲಕ್ಕೆ ಈ ಎರೆನೆಲದಲ್ಲಿ ಹಿಂಡುಹಿಂಡಾಗಿ ಮೇಯ್ದು, ಈಗ ಭೂಮಿಯ ಮೇಲೆ ಹೆಸರಿಗೆ ಒಂದೂ ಉಳಿಯದ ಆಳೆತ್ತರದ ಕಾಡೆತ್ತು.

ನಮ್ಮ ಬಿಸಿಲು ಯಾರನ್ನು ಬಿಟ್ಟಿದೆ? ಎಲುಬಿನೊಳಗಿನ ಎಳೆಯನ್ನೂ ಅದು ಸುಟ್ಟು ಹಾಕುತ್ತದೆ. ಇಪ್ಪತ್ತು ವರ್ಷ ನದಿದಂಡೆ, ಗವಿ, ಬಾವಿತೋಡು ಎಂದು ಅಲೆದು ತಂದ ಎಲುಬುಗಳಲ್ಲಿ ಒಂದೂ ಬಾಯಿ ಬಿಡಲಿಲ್ಲ. ಸಂಸ್ಥೆಯ ಬೇರೆಯವರು ಪ್ರಬಂಧದ ಮೇಲೆ ಪ್ರಬಂಧ ಬರೆದು ಮೇಲೇರಿದರು. ರೋಹಿಣಿಯ ಪ್ರಯೋಗಾಲಯಕ್ಕೆ ಅವರು ಬೆನ್ನ ಹಿಂದೆ ಇಟ್ಟ ಹೆಸರು ಮಸಣ. ಈ ದೀಪಾವಳಿಯೊಳಗೆ ಏನಾದರೂ ತೋರಿಸಿ, ಇಲ್ಲವಾದರೆ ಆ ಕೋಣೆ ಬೇರೆಯವರಿಗೆ ಎಂದು ನಿರ್ದೇಶಕರು ಕೈ ತೊಳೆದುಕೊಂಡಿದ್ದರು. ಅವಳ ಬಳಿ ಉಳಿದಿದ್ದವನು ಒಬ್ಬನೇ ವಿದ್ಯಾರ್ಥಿ, ಕಲಘಟಗಿಯ ಹೇಮಂತ. ಅವನ ಪಿಎಚ್‌ಡಿಯೂ ಅದೇ ಕಾಡೆತ್ತಿನ ಕೊಂಬಿಗೆ ಜೋತು ಬಿದ್ದಿತ್ತು.

ಹೀಗಿರುವಾಗ ಶ್ರಾವಣದಲ್ಲಿ ಬೆಣ್ಣಿಹಳ್ಳಕ್ಕೆ ಪ್ರವಾಹ ಬಂದು ಕಾಕಾ ಈರಬಸಪ್ಪನ ಹೊಲದ ದಂಡೆ ಕಿತ್ತುಕೊಂಡು ಹೋಯಿತು. ನೀರಿಳಿದ ಮೇಲೆ ನೋಡಿದರೆ ಕೆಳಗಿನ ಸುಣ್ಣದ ಪದರದಿಂದ ಎರಡು ಕೊಂಬು ಹೊರಗೆ ಚಾಚಿದ್ದವು. ಇಂದಿನ ಎತ್ತಿಗೆ ಅಂಥ ಕೊಂಬು ಇಲ್ಲ, ಅಂಥ ತಲೆಯೂ ಇಲ್ಲ. ಕಾಕಾ ಅಲ್ಲಿಂದಲೇ ಫೋನ್ ಮಾಡಿದ. ರೋಹಿಣಿ ಆಗ ಲಡಾಖಿನ ಗುಡ್ಡವೊಂದರಲ್ಲಿ ಡೇರೆ ಹಾಕಿಕೊಂಡು, ಕಡೆಗೆ ಚಳಿಯ ಎಲುಬಾದರೂ ಸಿಗಲಿ ಎಂದು ಅಗೆಯುತ್ತಿದ್ದಳು. ಫೋನಿಗೆ ಬಾಯಿ ಹಚ್ಚಿ ಒದರಿದಳು. “ಕಾಕಾ, ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಒಂದ ಹನಿ ನೀರ ಹಾಕಬ್ಯಾಡ್ರಿ. ಬಿಸಲಾಗ ಇಡಬ್ಯಾಡ್ರಿ. ನಾ ಬರೂತನಾ—” ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಮರುದಿನ ಗುಡ್ಡ ಕುಸಿದು ರಸ್ತೆಯೂ ಹೋಯಿತು. ಅವಳು ಊರು ಮುಟ್ಟಿದಾಗ ಶ್ರಾವಣ ಮುಗಿಯುತ್ತ ಬಂದಿತ್ತು.

ತಲೆ ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಸ ಕಂಬಳಿಯ ಮೇಲೆ, ನೆರಳಿನಲ್ಲಿ ತಣ್ಣಗೆ ಕೂತಿತ್ತು. ತಾಡಪತ್ರಿಯಲ್ಲಿ ಸುತ್ತಿ ಎತ್ತಿ ತಂದಿದ್ದರು. ಕೈ ಹಚ್ಚಿಲ್ಲವೇ ಎಂದು ಕೇಳಿದಳು. ಇಲ್ಲ ಎಂದರು. ನೀರು? ಒಂದು ಹನಿಯೂ ಇಲ್ಲ. ಕಿವಿಯ ತೂತುಗಳ ಸುತ್ತ ಹಳದಿ ಹಸಿ ಕಲೆ ಕಂಡಿತು. ಕೈಗವಸಿನ ಬೆರಳಿನಿಂದ ಮುಟ್ಟಿ ನೋಡಿ ಸುಣ್ಣದ ಮಣ್ಣು ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಅವಳಿಗೆ ಮನಸ್ಸಿತ್ತು ಅನ್ನಬೇಕು. ಇಪ್ಪತ್ತು ವರ್ಷ ಹಸಿದವರು ತಾಟಿಗೆ ಬಿದ್ದದ್ದನ್ನು ಮೂಸಿ ನೋಡುವುದಿಲ್ಲ.

ಎಲುಬಿನಲ್ಲೆಲ್ಲ ಕಿವಿಯೊಳಗಿನ ಎಲುಬು ಬಲು ಗಟ್ಟಿ. ಎಲ್ಲ ಹೋದರೂ ಎಳೆ ಅಲ್ಲಿ ಉಳಿದಿರುತ್ತದೆ. ತಲೆಯನ್ನು ಪುಣೆಗೆ ಒಯ್ದು ಮೊದಲು ಬಲಗಿವಿ ಕೊರೆದರು. ಯಂತ್ರದಿಂದ ಉತ್ತರ ಬಂದ ದಿನ ಹೇಮಂತ ಕುಣಿದಾಡಿಬಿಟ್ಟ. ದನದ ಕುಲದ ಡಿಎನ್‌ಎ ರಾಶಿ ರಾಶಿ ಬಂದಿತ್ತು. ರೋಹಿಣಿಗೆ ಆ ರಾಶಿಯ ಮೇಲೇ ಸಂಶಯ ಬಂತು. ಹಳೆಯ ಎಳೆ ಜಾಳಾಗಿ, ಅಂಚು ಹರಿದು, ಗೇಣಿಗೊಂದರಂತೆ ಸಿಗಬೇಕು. ಇವು ಉದ್ದುದ್ದ, ಗಟ್ಟಿಮುಟ್ಟು, ನಿನ್ನೆ ಮೊನ್ನೆಯವು. ಅದು ಕಾಡೆತ್ತಲ್ಲ. ಈಗ ಎಲ್ಲೋ ಮೇವು ತಿನ್ನುತ್ತ ನಿಂತಿರುವ ಜವಾರಿ ಆಕಳು.

ಮನುಷ್ಯರ ಬೆವರೋ ಉಗುಳೋ ಬಿದ್ದಿದ್ದರೆ ಬೇರೆ ಮಾಡಿ ತೆಗೆಯಬಹುದಿತ್ತು. ಕಾಡೆತ್ತೂ ಊರಾಕಳೂ ಒಂದೇ ಮನೆತನ. ಆ ರಾಶಿಯಲ್ಲಿ ಹಿರಿಯನ ಒಂದೆರಡು ಹರಕು ಎಳೆಗಳಿದ್ದರೂ ಅವನ್ನು ಆರಿಸಿ ತೆಗೆಯುವುದು ಆಗದ ಮಾತು. ಪ್ರಯೋಗಾಲಯವನ್ನು ಮೂಲೆ ಮೂಲೆ ಪರೀಕ್ಷಿಸಿದರು. ಅಲ್ಲಿ ಯಾವ ಆಕಳೂ ಇರಲಿಲ್ಲ. ಹಾಗಾದರೆ ಅದು ಊರಿನಲ್ಲೇ ಹೊಕ್ಕಿತ್ತು. ಎಲ್ಲಿಂದ, ಹೇಗೆ, ಎಲ್ಲೆಲ್ಲಿ ಎಂದು ತಿಳಿಯದೆ ಎಡಗಿವಿಗೆ ಕೈ ಹಚ್ಚುವಂತಿರಲಿಲ್ಲ. ಇನ್ನು ಉಳಿದದ್ದು ಅದೊಂದೇ.

“ನಾ ಹೋಗಿ ಕೇಳಿ ಫೋನ್ ಮಾಡ್ತೀನಿ. ಆಮ್ಯಾಲೆ ಕೊರಿಯೂಣು,” ಎಂದು ಹೇಮಂತನಿಗೆ ಹೇಳಿ ಅವಳು ಹೊರಟು ಬಂದಿದ್ದಳು.

ಮನೆಯಲ್ಲಿ ಚಿಗವ್ವ ರೇವವ್ವ ಒಬ್ಬಳೇ ಇದ್ದಳು. ಕಾಕಾ ಹೊಲಕ್ಕೆ ಹೋಗಿದ್ದ. ಹಡೆದವ್ವ ಸತ್ತ ಮೇಲೆ ರೋಹಿಣಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ರೇವವ್ವ. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಮೆಟ್ರಿಕ್ ಪರೀಕ್ಷೆಯ ಹಿಂದಿನ ದಿನ ಹುಡುಗಿಯನ್ನು ಕಲ್ಮೇಶ್ವರನ ಗುಡಿಗೆ ಎಳೆದುಕೊಂಡು ಹೋಗಿ, ಕಲ್ಲಿನ ಬಸವಣ್ಣನ ಒಂದು ಕಿವಿಯಲ್ಲಿ ಬೇಡಿಕೆ ಹೇಳಿಸಿ, ಇನ್ನೊಂದು ಕಿವಿಯನ್ನು ತಾನೇ ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಮುಚ್ಚದಿದ್ದರೆ ಹೇಳಿದ್ದು ಆ ಕಡೆಯಿಂದ ಹೊರಗೆ ಹೋಗಿಬಿಡುತ್ತದಂತೆ, ಬಸವಣ್ಣ ಶಿವನಿಗೆ ಮುಟ್ಟಿಸುವುದಕ್ಕೆ ಒಳಗೆ ಏನೂ ಉಳಿಯುವುದಿಲ್ಲವಂತೆ.

“ಎಷ್ಟ ಸೊರಗೀದಿ ಬೇ,” ಎಂದು ರೇವವ್ವ ಅವಳ ಗದ್ದ ಹಿಡಿದು ನೋಡಿದಳು. “ಆ ಎಲುಬಿನ ಊರಾಗ ಉಣ್ಣಾಕ ಹಾಕೂದಿಲ್ಲೇನ?”

“ಚಿಗವ್ವ, ಒಂದ ಕೇಳ್ತೀನಿ, ಖರೇ ಹೇಳು. ನಾ ಬರೂ ಮುಂಚೆ ಆ ತಲಿಗೆ ಏನರೆ ಹಚ್ಚಿದ್ರೇನು?”

“ಯಾರೂ ಕೈ ಹಚ್ಚಿಲ್ಲ, ನಿನ್ನಾಣಿ. ನಿಮ್ಮ ಕಾಕಾ ಮುಟ್ಟಾಕ ಹ್ವಾದ್ರ ನಾನ ಬೈದೀನಿ. ನೀರ ಸೈತ ಹಾಕಿಲ್ಲ.”

“ಮತ್ತೇನರೆ?”

ರೇವವ್ವನ ಮುಖ ಅರಳಿತು. ಇಷ್ಟು ದಿನ ಯಾರಾದರೂ ಕೇಳಲಿ ಎಂದೇ ಅವಳು ಕಾದಿದ್ದಂತಿತ್ತು.

“ನಿಮ್ಮ ಕಾಕಾಗ ಏನ ತಿಳೀತೈತಿ? ಎಲುಬ ಮನಿಗೆ ತರಬಾರದು ಅಂತ ಶುರು ಮಾಡಿದ್ರು. ಎಲುಬು ಅಲ್ರೀ, ಕೊಂಬ ನೋಡ್ರಿ, ಶ್ರಾವಣ ಸ್ವಾಮಾರ ನಮ್ಮ ಹೊಲದಾಗ ತಾನ ಎದ್ದ ಬಂದಾನ, ಅಂವ ಬಸವಣ್ಣ ಅಂತ ನಾನ ಅಂದೆ. ಬಂದ ದೇವರನ್ನ ಹಂಗ ಕುಂಡ್ರಸೂದ ಹೆಂಗ? ನೀ ನೋಡಿದ್ರ ನೀರ ಹಾಕಬ್ಯಾಡ ಅಂದಿ, ಕೈ ಹಚ್ಚಬ್ಯಾಡ ಅಂದಿ. ಅಗದಿ ಮಡೀ ಮಾತ ಹೇಳ್ಯಾಳ ಹುಡುಗಿ ಅಂದ್ಕೊಂಡೆ. ಅದಕ್ಕ ನೀರ ಬಿಟ್ಟ ಹಾಲ ಎರದೆ. ನಮ್ಮ ಗೌರಿ ಹಾಲು, ಆಗಷ್ಟ ಹಿಂಡಿದ್ದು, ಕರಾನೂ ಮುಟ್ಟಿಲ್ಲ. ದಿನಾ ಮುಂಜೇಲೆ. ನೀ ಬಂದ ದಿನಾನೂ ಎರದೀನಿ.”

“ಎಲ್ಲೆ ಎರದಿ?”

“ಕಿವ್ಯಾಗ. ಬಲಗಿವ್ಯಾಗ. ಬಸವಣ್ಣಗ ಹೇಳೂದೆಲ್ಲೆ ಮತ್ತ?”

ಕೊಟ್ಟಿಗೆಯಲ್ಲಿ ಬಿಳಿ ಆಕಳೊಂದು ಬಾಲದಿಂದ ನೊಣ ಹೊಡೆದುಕೊಳ್ಳುತ್ತ ನಿಂತಿತ್ತು. ಹಾಲಿನ ಹನಿಹನಿಯಲ್ಲೂ ಹಿಂಡಿದ ಆಕಳ ಎಳೆ ಇರುತ್ತದೆ. ಯಂತ್ರ ರಾಶಿ ಹಾಕಿ ಕೊಟ್ಟದ್ದು ಇದನ್ನೇ. ಇದರ ಕುಲ, ಇದರ ಗೋತ್ರ ಎಲ್ಲ ರೋಹಿಣಿಯ ಕಂಪ್ಯೂಟರಿನಲ್ಲಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಮಾಡಬೇಕು ಎಂದು ತಿಳಿಯಲಿಲ್ಲ. ಹೇಳಿದ ಮಾತನ್ನು ಇವರು ಚಾಚೂ ತಪ್ಪದೆ ಪಾಲಿಸಿದ್ದರು. ಹಾಲು ಎರೆಯಬೇಡಿ ಎಂದು ತಾನು ಹೇಳಿರಲಿಲ್ಲ. ಈ ಮನೆಯಲ್ಲಿ ಬೆಳೆದವಳು, ಹೇಳಬೇಕಿತ್ತು.

ಅಷ್ಟರಲ್ಲಿ ಎದೆಯೊಳಗೆ ಏನೋ ಮಿಣುಕಿತು. ಬಲಗಿವಿ ಎಂದಳಲ್ಲ. ತಲೆ ಅಷ್ಟು ದೊಡ್ಡದು, ನಡುವೆ ಸುಣ್ಣಗಟ್ಟಿದ ಮಣ್ಣು ತುಂಬಿದೆ. ಹಾಲು ಆ ಕಡೆಗೆ ಹೋಗಿರಲಾರದು. ಹೇಮಂತ ಕಾಯುತ್ತಿದ್ದಾನೆ. ಈಗಲೇ ಫೋನ್ ಮಾಡಿದರೆ ಇವತ್ತೇ ಕೊರೆಯಬಹುದು. ಅವಳು ಚೀಲದಿಂದ ಫೋನು ತೆಗೆದು ಕೈಯಲ್ಲಿ ಹಿಡಿದಳು.

“ಚಿಗವ್ವ, ಎಡಗಿವ್ಯಾಗ? ಎಡಗಿವ್ಯಾಗ ಹಾಲ ಹಾಕಿಲ್ಲಲ?”

“ಹುಚ್ಚಿ, ಎರಡೂ ಕಡೆ ಯಾರರೆ ಹಾಕ್ತಾರೇನು?”

ರೋಹಿಣಿ ಉಸಿರು ಬಿಟ್ಟಳು. ಹೇಮಂತನ ನಂಬರು ಒತ್ತಿದಳು. ಆ ಕಡೆ ರಿಂಗಾಗತೊಡಗಿತು.

“ಎಡಗಿವಿ ಮುಚ್ಚಬೇಕಲ,” ಎಂದಳು ರೇವವ್ವ. “ಕೈಲೆ ಮುಚ್ಚೂಣು ಅಂದ್ರ ನೀ ಕೈ ಹಚ್ಚಬ್ಯಾಡ ಅಂದೀದಿ. ಭಾಳ ಹೊತ್ತ ವಿಚಾರ ಮಾಡಿದೆ ನೋಡು. ಕಡೀಕ ಬೆಣ್ಣಿ ತುಂಬಿದೆ. ಗೌರೀದ. ಚಮಚಾದಲೆ ಒಳಗ ಒತ್ತಿ ಒತ್ತಿ ತುಂಬಿದೆ, ಒಂದ ಮಾತೂ ಹೊರಗ ಹೋಗಬಾರದು ಅಂತ. ದಿನಾ ಒಂದೀಟ ಕರಗಿ ಒಳಗ ಇಳೀತಿತ್ತು, ದಿನಾ ಮತ್ತ ತುಂಬ್ತಿದ್ದೆ.”

“ಮೇಡಂ, ಹೇಳ್ರಿ,” ಎಂದು ಫೋನಿನಲ್ಲಿ ಹೇಮಂತನ ದನಿ ಕೇಳಿತು. “ಎಲ್ಲಾ ತಯಾರೈತ್ರಿ. ಕೊರೀಲೇನ್ರಿ?”

ರೋಹಿಣಿ ಕೊಟ್ಟಿಗೆಯ ಮೂಲೆಯತ್ತ ನೋಡಿದಳು. ಆ ಹಳದಿ ಕಲೆ ಕಣ್ಣ ಮುಂದೆ ಬಂತು. ಎರಡೂ ಕಿವಿಯ ಸುತ್ತ ಇತ್ತು ಅದು. ಕೈಗವಸು ಹಾಕಿಕೊಂಡು ತಾನೇ ಮುಟ್ಟಿ ನೋಡಿ, ತಾನೇ ಮಣ್ಣು ಎಂದಿದ್ದಳು.

“ಬ್ಯಾಡ ಹೇಮಂತ,” ಎಂದಳು. “ಕೊರೀಬ್ಯಾಡ. ಅದೂ ಹೋಗೇತಿ.”

ಆ ಕಡೆ ಯಂತ್ರದ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು, ಅವನು ಆರಿಸಿದ್ದ.

“ನಾ ಈಗ ಏನ ಮಾಡ್ಲಿರಿ ಮೇಡಂ?” ಎಂದು ಹೇಮಂತ ಕೇಳಿದ. ನಾಳೆ ಬಂದು ಮಾತಾಡುತ್ತೇನೆ ಎಂದು ಫೋನು ಇಟ್ಟಳು. ಆರು ವರ್ಷ ತನ್ನ ಬೆನ್ನಿಗೆ ನಿಂತ ಹುಡುಗನಿಗೆ ಹೇಳಲು ಅವಳಿಗೆ ಸಿಕ್ಕಿದ್ದು ಅಷ್ಟೇ.

ರೇವವ್ವ ಒಳಗಿನಿಂದ ಬಿಸಿ ಹಾಲಿನ ಲೋಟ ತಂದು ಅವಳ ಮುಂದಿಟ್ಟಳು. ಬೆಲ್ಲ ಹಾಕಿದ್ದಳು, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ.

“ಏನ ಬೇಡ್ಕೊಂಡಿ ಚಿಗವ್ವ?” ರೋಹಿಣಿ ಕೇಳಿದಳು. “ದಿನಾ ಅದರ ಕಿವ್ಯಾಗ ಏನ ಹೇಳಿದಿ?”

“ಮತ್ತೇನ ಹೇಳ್ಲಿ? ನನಗೇನ ಕಮ್ಮಿ ಐತಿ?” ರೇವವ್ವ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. “ನಮ್ಮ ರೋಹಿಣಿ ಹರೇದಾಗಿಂದ ಸತ್ತ ಎಲುಬ ಮಾತಾಡಸ್ತಾಳ, ಒಂದೂ ಅಕಿ ಕೂಡ ಮಾತಾಡಲಿಲ್ಲ. ಲಗ್ನಾ ಬ್ಯಾಡ ಅಂದ್ಲು, ಮನಿ ಬ್ಯಾಡ ಅಂದ್ಲು. ಮಂದಿ ನಗಾಡ್ತಾರ. ನೀ ಒಬ್ಬಾಂವರೆ ಅಕಿ ಮುಂದ ಬಾಯಿ ಬಿಡಪಾ ಅಂತ ಹೇಳಿದೆ.” ಅವಳು ರೋಹಿಣಿಯ ಮೊಣಕಾಲ ಮೇಲೆ ಕೈಯಿಟ್ಟಳು. “ಬಾಯಿ ಬಿಟ್ಟಾನಿಲ್ಲ? ಏನಂದಾ?”

ನೀನೇ ಕೆಡಿಸಿದಿ ಎನ್ನುವ ಮಾತು ರೋಹಿಣಿಯ ನಾಲಿಗೆಯ ತುದಿಯ ತನಕ ಬಂದಿತ್ತು. ಅಂದುಬಿಟ್ಟಿದ್ದರೆ ಅವಳ ಎದೆ ಹಗುರಾಗುತ್ತಿತ್ತೇನೋ. ಮೊಣಕಾಲ ಮೇಲಿದ್ದ ಆ ಒರಟು ಕೈ ನೋಡಿದಳು. ಸುಳ್ಳು ಹೇಳಲೂ ಮನಸ್ಸಾಗಲಿಲ್ಲ.

“ನಿನ್ನ ಗೌರಿ ಹೆಸರ ಹೇಳಿದ,” ಎಂದಳು.

ರೇವವ್ವ ಅವಳನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಎರಡು ಸಲ ಕೆನ್ನೆ ಬಡಿದುಕೊಂಡಳು, ತನ್ನ ಮೊಣಕಾಲ ನೋವನ್ನೂ ಮರೆತು ಎದ್ದು ಕೊಟ್ಟಿಗೆಗೆ ಹೋದಳು. ಲೋಟದ ಹಾಲು ಕೆನೆಗಟ್ಟುತ್ತಿತ್ತು. ರೋಹಿಣಿ ಕೂತಲ್ಲಿಂದಲೇ ನೋಡಿದಳು. ರೇವವ್ವ ಗೌರಿಯ ಕೊರಳು ತಬ್ಬಿ, ಅದರ ಬಲಗಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಳು. ಎಡಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದಳು.